ಬರದ ಊರಿನಲ್ಲಿ ಯುವಕರ ಕೆಲಸ: ಪಟ್ಟಿಯಿಂದ ನಲ್ಲಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಪ್ರವಾಹ ಬಂದರೆ ಮರುದಿನವೇ ನಾಲ್ಕೂ ಕಡೆಯಿಂದ ಜನ ಓಡಿ ಬರುತ್ತಾರೆ. ಬರಕ್ಕೆ ಹಾಗೆ ಯಾರೂ ಓಡಿ ಬರುವುದಿಲ್ಲ. ಅದು ಶುರುವಾದ ದಿನ ಯಾವುದೆಂದೇ ಯಾರಿಗೂ ಗೊತ್ತಿರುವುದಿಲ್ಲ. ಒಂದು ಮಳೆ ಕೈಕೊಡುತ್ತದೆ, ಇನ್ನೊಂದು ತಡವಾಗಿ ಬಂದು ಮಣ್ಣು ನೆನೆಯುವ ಮೊದಲೇ ನಿಲ್ಲುತ್ತದೆ, ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಬೇಕಾಗುತ್ತದೆ, ಮರಿ ಹಾಕಬೇಕಿದ್ದ ಮೇಕೆ ಸಂತೆಗೆ ಹೋಗುತ್ತದೆ, ದುಡಿಯುವ ಕೈಗಳು ಗುಳೆ ಹೊರಡುತ್ತವೆ. ಸುದ್ದಿಯಾಗುವ ಹೊತ್ತಿಗೆ ಊರಲ್ಲಿ ಉಳಿದಿರುವವರು ಮುದುಕರು, ಬಾಣಂತಿಯರು, ಮಕ್ಕಳು.

ಸೊಮಾಲಿಯದಲ್ಲಿ ಆದದ್ದು ಇದೇ. ಕ್ಷಾಮದ ಮುನ್ಸೂಚನೆ ಕೊಡಲೆಂದೇ 1985ರಲ್ಲಿ ಹುಟ್ಟಿಕೊಂಡ ಫ್ಯೂಸ್ ನೆಟ್ ಜಾಲ 2010ರ ಆಗಸ್ಟ್‌ನಿಂದಲೇ ಎಚ್ಚರಿಸುತ್ತ ಬಂತು. ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು 2011ರ ಜುಲೈ 20ರಂದು. ಸತ್ತವರು ಸುಮಾರು 2,58,000 ಮಂದಿ, ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು ಎಂದು ಆಮೇಲಿನ ಅಧ್ಯಯನ ಅಂದಾಜು ಮಾಡಿತು. ಆ ಸಾವುಗಳ ದೊಡ್ಡ ಪಾಲು ಘೋಷಣೆಗೆ ಮೊದಲೇ ಆಗಿಹೋಗಿತ್ತು.

ಹಾಗಾಗಿ ಸಾಮಾನು ಹಂಚುವುದರಿಂದ ಶುರುಮಾಡಬೇಡಿ ಎಂದೇ ಈ ಬರಹ ಹೇಳುತ್ತದೆ. ಮೂಟೆ ಇಳಿಸಿ, ಹಂಚಿ, ಸಂಜೆಗೆ ವಾಪಸಾಗುವ ತಂಡಗಳಿಗೆ ಕೊರತೆಯಿಲ್ಲ. ಯಾರಿಗೆ ಸಿಕ್ಕಿಲ್ಲವೆಂದು ಮನೆಮನೆ ತಿರುಗಿ ನೋಡುವವರು, ಬೇಸರವಿಲ್ಲದೆ ತಿಂಗಳುಗಟ್ಟಲೆ ಅದೇ ಕೆಲಸಕ್ಕೆ ಬರುವವರು ಸಿಗುವುದು ಕಷ್ಟ. ಅವರು ನೀವಾಗಬಹುದಾದರೆ ಮುಂದೆ ಓದಿ.

ಹಂತ 1: ತಂಡ ಕಟ್ಟುವುದು

ಮೊದಲು ಆ ಊರಿನಲ್ಲಿ ಈಗಾಗಲೇ ಯಾರು ಏನು ಮಾಡುತ್ತಿದ್ದಾರೆ ತಿಳಿದುಕೊಳ್ಳಿ. ಸ್ಥಳೀಯ ಆಡಳಿತ, ಆರೋಗ್ಯ ಕೇಂದ್ರ, ರೆಡ್ ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಶಾಖೆ, ಮಹಿಳಾ ಸಂಘ, ಶಾಲೆ, ಪ್ರಾರ್ಥನಾ ಮಂದಿರದವರು, ಇಷ್ಟು ಕಡೆ ಹೋಗಿ ಮಾತನಾಡಿದರೆ ಅರ್ಧ ಚಿತ್ರ ಸಿಗುತ್ತದೆ. ಅವರ ಕೆಲಸದಲ್ಲಿ ಎಲ್ಲಿ ಕೈ ಸಾಲುತ್ತಿಲ್ಲವೋ ಅಲ್ಲಿ ನಿಮ್ಮ ಕೈ ಜೋಡಿಸಿ. ಬೇರೆಯದೇ ಬ್ಯಾನರ್ ಕಟ್ಟಿಕೊಂಡು ಪಕ್ಕದಲ್ಲಿ ಇನ್ನೊಂದು ವಿತರಣೆ ಇಟ್ಟರೆ ಗೊಂದಲ ಹೆಚ್ಚುತ್ತದೆಯೇ ಹೊರತು ನೀರು ಹೆಚ್ಚುವುದಿಲ್ಲ.

ತಂಡ ಚಿಕ್ಕದಿರಲಿ. ಹತ್ತು ಹನ್ನೆರಡು ಜನ ಸಾಕು. ಆದರೆ ಅವರಲ್ಲಿ ಕನಿಷ್ಠ ಅರ್ಧದಷ್ಟು ಹುಡುಗಿಯರು ಇರಲೇಬೇಕು. ನೀರು ತರುವವರು, ಮಗುವಿಗೆ ಉಣಿಸುವವರು, ಎಷ್ಟು ಹೊತ್ತು ಉಪವಾಸವಿದ್ದೇವೆಂದು ಗಂಡಸರ ಮುಂದೆ ಬಾಯಿಬಿಡದವರು ಬಹುಪಾಲು ಹೆಂಗಸರೇ. ಊರಿನದೇ ಯುವಕ ಯುವತಿಯರು ಸಿಕ್ಕರೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಿಲ್ಲಿ. ಯಾವ ಓಣಿಯಲ್ಲಿ ಯಾರು ಯಾರ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹದಿನೆಂಟು ತುಂಬದವರನ್ನು ಜನಜಂಗುಳಿ ನಿಭಾಯಿಸಲು, ಭಾರ ಹೊರಲು, ಕ್ಲೋರಿನ್ ಬೆರೆಸಲು ಹಾಕಬೇಡಿ. ನಕ್ಷೆ ಬರೆಯುವುದು, ಶಾಲಾ ಮಕ್ಕಳಿಗೆ ಕೈತೊಳೆಯುವುದನ್ನು ತೋರಿಸಿಕೊಡುವುದು ಅವರಿಗೆ ಒಪ್ಪುವ ಕೆಲಸ.

ಸೇರುವಾಗಲೇ ಪ್ರತಿಯೊಬ್ಬರಿಂದ ಮೂರು ವಿಷಯಕ್ಕೆ ಸಹಿ ಹಾಕಿಸಿಕೊಳ್ಳಿ.

ಒಂದು, ಕನಿಷ್ಠ ಮೂರು ತಿಂಗಳು, ವಾರಕ್ಕೆ ಎರಡು ಅರ್ಧ ದಿನವಾದರೂ ಬರುತ್ತೇನೆ ಎಂಬ ಮಾತು. ಒಂದೇ ಭಾನುವಾರ ಬಸ್ಸು ತುಂಬ ಬರುವುದಕ್ಕಿಂತ ಇದು ಎಷ್ಟೋ ಮೇಲು.

ಎರಡು, ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿ ಸಂಹಿತೆ. ಅದರಲ್ಲಿ ಹತ್ತು ಅಂಶಗಳಿವೆ. ಧರ್ಮ, ಜನಾಂಗ, ದೇಶ ನೋಡದೆ ಅಗತ್ಯವನ್ನಷ್ಟೇ ನೋಡಿ ನೆರವು ಕೊಡಬೇಕು, ನೆರವಿನ ಹೆಸರಲ್ಲಿ ರಾಜಕೀಯ ಇಲ್ಲವೇ ಧಾರ್ಮಿಕ ಪ್ರಚಾರ ಮಾಡಬಾರದು ಎಂಬುದು ಅದರ ತಿರುಳು.

ಮೂರು, ನೆರವಿಗೆ ಬದಲಾಗಿ ಯಾರಿಂದಲೂ ಏನನ್ನೂ ಕೇಳುವುದಿಲ್ಲ ಎಂಬುದು. ಇದನ್ನು ಮುಜುಗರವಿಲ್ಲದೆ ಬಿಡಿಸಿ ಹೇಳಿ. ಹಸಿದ ಊರಿನಲ್ಲಿ ಪಟ್ಟಿ ಹಿಡಿದವನ ಕೈಯಲ್ಲಿ ಅಧಿಕಾರ ಇರುತ್ತದೆ. ಆ ಅಧಿಕಾರ ಲೈಂಗಿಕ ಶೋಷಣೆಗೆ ದಾರಿಯಾದ ಉದಾಹರಣೆಗಳು ಹೊರಬಂದ ಮೇಲೆಯೇ 2002ರಲ್ಲಿ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡವು. ನೆರವು ಕೊಟ್ಟು ಲೈಂಗಿಕ ಸಂಬಂಧ ಬಯಸುವುದು, ಹದಿನೆಂಟರ ಕೆಳಗಿನವರೊಂದಿಗೆ ಸಂಬಂಧ ಇಟ್ಟುಕೊಳ್ಳುವುದು, ಎರಡೂ ಪೂರ್ತಿ ನಿಷಿದ್ಧ. ಜೊತೆಯವನ ಮೇಲೆ ಅನುಮಾನ ಬಂದರೆ ವರದಿ ಮಾಡುವುದು ಕಡ್ಡಾಯ.

ಹಂತ 2: ಕೊಡ ಹೊತ್ತವರ ಜೊತೆ ನಡೆಯುವುದು

ಸಮೀಕ್ಷೆ ಎಂದಕೂಡಲೇ ಫಾರಂ ಹಿಡಿದು ಹೊರಡಬೇಡಿ. ಮೊದಲ ದಿನ ಬೆಳಗಿನ ಜಾವ ನೀರಿಗೆ ಹೊರಡುವ ಹೆಂಗಸರನ್ನು ಕೇಳಿಕೊಂಡು, ತಂಡದ ಹುಡುಗಿಯರು ಅವರ ಜೊತೆ ಹೋಗಿ ಬರಲಿ. ಹೊರಟ ಹೊತ್ತು, ನೀರು ಸಿಕ್ಕ ಹೊತ್ತು, ಮನೆಗೆ ಮರಳಿದ ಹೊತ್ತು ಬರೆದುಕೊಳ್ಳಲಿ. ಬಾವಿ, ಕೈಪಂಪು, ಕೆರೆಯ ಗುಂಡಿ, ಎಲ್ಲವನ್ನೂ ಒಂದು ಕೈನಕ್ಷೆಯಲ್ಲಿ ಗುರುತಿಸಿ. ಪ್ರತಿಯೊಂದರ ಪಕ್ಕ ಮೂರು ಸಂಗತಿ ಇರಲಿ: ಈಗ ನೀರಿದೆಯೇ, 20 ಲೀಟರ್ ಕ್ಯಾನ್ ತುಂಬಲು ಎಷ್ಟು ನಿಮಿಷ, ಯಾರಿಗೆ ಅಲ್ಲಿ ನೀರು ಹಿಡಿಯಲು ಬಿಡುವುದಿಲ್ಲ. ಮೂರನೆಯದನ್ನು ಸಭೆಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ದಾರಿಯಲ್ಲಿ ನಡೆಯುವಾಗ ತಾನಾಗಿ ಬಾಯಿಗೆ ಬರುತ್ತದೆ.

ಆಮೇಲೆ ಸಂತೆಗೆ ಹೋಗಿ. ಒಂದು ಸಾಧಾರಣ ಮೇಕೆ ಮಾರಿದರೆ ಎಷ್ಟು ಕೆಜಿ ಧಾನ್ಯ ಬರುತ್ತದೆ ಲೆಕ್ಕ ಹಾಕಿ, ಹದಿನೈದು ದಿನಕ್ಕೊಮ್ಮೆ ಅದನ್ನೇ ಬರೆಯುತ್ತಾ ಹೋಗಿ. ಬರ ಬಿಗಿಯಾದಂತೆ ಎಲ್ಲರೂ ಒಟ್ಟಿಗೆ ದನಕರು ಮಾರಲು ಬರುತ್ತಾರೆ, ಬೆಲೆ ಬೀಳುತ್ತದೆ. ಅದೇ ಹೊತ್ತಿಗೆ ಧಾನ್ಯ ತುಟ್ಟಿಯಾಗುತ್ತದೆ. ಎರಡು ಕಡೆಯಿಂದ ಹಿಂಡುವ ಈ ಅನುಪಾತ ಕುಸಿಯುತ್ತಿದ್ದರೆ, ಊಟದ ತಟ್ಟೆಯಲ್ಲಿ ಕೊರತೆ ಕಾಣುವ ಮೊದಲೇ ನಿಮಗೆ ಸುಳಿವು ಸಿಗುತ್ತದೆ. ಮುನ್ಸೂಚನೆ ಕೊಡುವ ದೊಡ್ಡ ಸಂಸ್ಥೆಗಳು ಪಶುಪಾಲಕರ ಸೀಮೆಗಳಲ್ಲಿ ಗಮನಿಸುವುದೂ ಇದನ್ನೇ.

ಮನೆಮನೆ ಸಮೀಕ್ಷೆಗೆ ಐದು ಪ್ರಶ್ನೆ ಸಾಕು. ಹಸಿವನ್ನು ಜನ ಹೇಗೆ ನಿಭಾಯಿಸುತ್ತಿದ್ದಾರೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ಸರಳ ಅಳತೆ ಇದು. ಕಳೆದ 7 ದಿನಗಳಲ್ಲಿ ಎಷ್ಟು ದಿನ ಹೀಗೆ ಮಾಡಬೇಕಾಯಿತು ಎಂದು ಕೇಳಬೇಕು:

- ಇಷ್ಟವಿಲ್ಲದ, ಅಗ್ಗದ ಆಹಾರ ತಿಂದದ್ದು (ಪ್ರತಿ ದಿನಕ್ಕೆ 1 ಅಂಕ)
- ಊಟಕ್ಕಾಗಿ ಸಾಲ ತಂದದ್ದು ಅಥವಾ ನೆಂಟರಿಷ್ಟರನ್ನು ಆಶ್ರಯಿಸಿದ್ದು (2 ಅಂಕ)
- ಬಡಿಸುವ ಪ್ರಮಾಣ ಕಡಿಮೆ ಮಾಡಿದ್ದು (1 ಅಂಕ)
- ಮಕ್ಕಳಿಗೆ ಸಾಲಲಿ ಎಂದು ದೊಡ್ಡವರು ಕಡಿಮೆ ಉಂಡದ್ದು (3 ಅಂಕ)
- ದಿನದ ಊಟಗಳ ಸಂಖ್ಯೆ ಇಳಿಸಿದ್ದು (1 ಅಂಕ)

ಒಂದು ಮನೆಯವರು ಅಗ್ಗದ ಆಹಾರಕ್ಕೆ 5 ದಿನ, ಸಾಲಕ್ಕೆ 2 ದಿನ, ಕಡಿಮೆ ಬಡಿಸಿದ್ದಕ್ಕೆ 4 ದಿನ, ಮಕ್ಕಳಿಗಾಗಿ ತಾವು ಬಿಟ್ಟದ್ದಕ್ಕೆ 3 ದಿನ, ಹೊತ್ತು ತಪ್ಪಿಸಿದ್ದಕ್ಕೆ 2 ದಿನ ಎಂದರೆ 5+4+4+9+2, ಒಟ್ಟು 24. ಆಹಾರ ಭದ್ರತೆಯನ್ನು ಐದು ಹಂತಗಳಲ್ಲಿ ವಿಂಗಡಿಸುವ ಐಪಿಸಿ ಪದ್ಧತಿಯಲ್ಲಿ 3ರವರೆಗಿನ ಅಂಕ ನಿಶ್ಚಿಂತೆಯ ಮಟ್ಟ, 4ರಿಂದ 18 ಒತ್ತಡದ ಮಟ್ಟ, 19 ಅಥವಾ ಅದಕ್ಕಿಂತ ಹೆಚ್ಚಾದರೆ ಬಿಕ್ಕಟ್ಟು ಅಥವಾ ಅದಕ್ಕೂ ಮೇಲು. ಈ ಒಂದೇ ಅಂಕಿಯಿಂದ ಮನೆಯ ಹಣೆಬರಹ ತೀರ್ಮಾನಿಸಬಾರದು. ಎಲ್ಲವೂ ಖಾಲಿಯಾದ ಮನೆಗೆ ಸಾಲ ಕೊಡುವವರೂ ಇರುವುದಿಲ್ಲ, ಅವರ ಅಂಕ ಕಡಿಮೆ ಬಂದೀತು. ಅದಕ್ಕೇ ಅಂಕದ ಜೊತೆ ಒಲೆ, ಮೇವಿನ ಬಣವೆ, ಕಾಳಿನ ಡಬ್ಬ ಕಣ್ಣಿಗೆ ಬಿದ್ದದ್ದನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಮತ್ತೊಂದು ಮಾತು. ಬೇರೆ ಸಂಸ್ಥೆ ಕಳೆದ ತಿಂಗಳಷ್ಟೇ ಇದೇ ಪ್ರಶ್ನೆ ಕೇಳಿಹೋಗಿದ್ದರೆ ಆ ಉತ್ತರಗಳನ್ನು ಕೇಳಿ ಪಡೆಯಿರಿ. ಕೇಳಿದ್ದನ್ನೇ ಕೇಳಿ ಏನೂ ಕೊಡದೆ ಹೋಗುವವರ ಬಗ್ಗೆ ಊರಿನವರಿಗೆ ಸಿಟ್ಟು ಬಂದರೆ ಅದು ನ್ಯಾಯವೇ.

ಹಂತ 3: ಪಟ್ಟಿ

ಜಗಳ ಶುರುವಾಗುವುದು ಇಲ್ಲಿ, ನಂಬಿಕೆ ಹುಟ್ಟುವುದೂ ಇಲ್ಲೇ. ಎಲ್ಲರಿಗೂ ಸಾಲುವಷ್ಟು ಇಲ್ಲದಿದ್ದಾಗ ಯಾರಿಗೆ ಮೊದಲು ಎಂಬ ನಿಯಮವನ್ನು ಹೆಸರು ಬರೆಯುವ ಮೊದಲೇ ಊರಿನ ಸಭೆಯಲ್ಲಿ ತೀರ್ಮಾನಿಸಿ. ದುಡಿಯುವವರಿಲ್ಲದ ಮನೆ, ಒಂಟಿ ಮುದುಕರು, ಗರ್ಭಿಣಿ ಮತ್ತು ಬಾಣಂತಿ ಇರುವ ಮನೆ, ಅಂಗವಿಕಲರಿರುವ ಮನೆ, ತೂಕ ಇಳಿದ ಮಗು ಇರುವ ಮನೆ, ಭೂಮಿಯೂ ಜಾನುವಾರೂ ಇಲ್ಲದವರು, ಸಾಮಾನ್ಯವಾಗಿ ಜನ ಒಪ್ಪುವ ನಿಯಮಗಳು ಇವು. ಸಭೆ ಒಂದೇ ಇಟ್ಟರೆ ಮಾತು ನಾಲ್ಕು ಗಂಡಸರದಾಗುತ್ತದೆ. ಹೆಂಗಸರದು ಬೇರೆ, ಊರ ಹೊರಗಿನ ಗುಡಿಸಲಿನವರದು ಬೇರೆ ಇಡಿ.

ಪಟ್ಟಿ ಸಿದ್ಧವಾದ ಮೇಲೆ ಎಲ್ಲರೆದುರು ಓದಿ ಹೇಳಿ. ಮೂರು ನಾಲ್ಕು ದಿನ ಆಕ್ಷೇಪಣೆಗೆ ಬಿಡಿ. ಆಮೇಲೆ ನಾನು ಮಾಡುವುದು, ನೀವೂ ಮಾಡಬೇಕೆಂದು ಬಲವಾಗಿ ಹೇಳುವುದು ಇದು: ಪಟ್ಟಿಯನ್ನು ಬದಿಗಿಟ್ಟು, ಕೈನಕ್ಷೆ ಹಿಡಿದು, ಊರಿನ ಅಂಚಿನ ಮನೆಯಿಂದ ಒಳಗೆ ನಡೆಯುವುದು. ಪಟ್ಟಿಯಲ್ಲಿಲ್ಲದ ಮನೆಗಳನ್ನಷ್ಟೇ ತಟ್ಟಬೇಕು. ಬಾಡಿಗೆಗೆ ಇರುವವರು, ಗುರುತಿನ ಚೀಟಿ ಬೇರೆ ಊರಿನದಿರುವವರು, ಗಂಡ ಗುಳೆ ಹೋಗಿ ಫೋನೂ ಅವನ ಜೊತೆಗೇ ಹೋದ ಹೆಣ್ಣುಮಕ್ಕಳು, ಕುರಿ ಹಿಂಡಿನ ಹಿಂದೆ ಹೋಗಿ ಸಭೆಯ ದಿನ ಊರಲ್ಲಿ ಇಲ್ಲದವರು, ಮಾತು ಬಾರದವರು, ಬಿಟ್ಟುಹೋಗುವವರು ಹೆಚ್ಚಾಗಿ ಇವರೇ. ಒಂದು ಗಂಟೆಯ ಈ ನಡಿಗೆ ಒಂದು ಲಾರಿ ಸಾಮಾನಿಗಿಂತ ಹೆಚ್ಚಿನದು.

ಹೆಸರು, ಕಾಯಿಲೆ, ಫೋನ್ ಸಂಖ್ಯೆ ಇರುವ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಸಭೆಯಲ್ಲಿ ಓದುವಾಗಲೂ ಹೆಸರಷ್ಟೇ ಇರಲಿ, ಯಾವ ಕಾರಣಕ್ಕೆ ಆಯ್ಕೆಯಾದರೆಂಬ ವಿವರ ಬೇಡ. ವಿವರ ತುಂಬಿಕೊಳ್ಳಲು ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಮಾಡುವ ಕೋಬೋ ಟೂಲ್‌ಬಾಕ್ಸ್‌ನಂಥ ಉಚಿತ ಆ್ಯಪ್ ಇದೆ, ಫೋನಿಗೆ ಪಾಸ್‌ವರ್ಡ್ ಹಾಕಿ ಬಳಸಿ. ಕಾಗದದ ರಿಜಿಸ್ಟರಾದರೆ ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ.

ಹಂತ 4: ನೀರು

ಬರದ ಕೆಲಸದಲ್ಲಿ ಅತಿ ಹೆಚ್ಚು ಲೆಕ್ಕ ಬೇಡುವುದು ನೀರು. ಮಾನವೀಯ ನೆರವಿನ ಕನಿಷ್ಠ ಮಟ್ಟ ಹೇಗಿರಬೇಕೆಂದು ಹೇಳುವ ಸ್ಫಿಯರ್ ಮಾನದಂಡಗಳು 1997ರಲ್ಲಿ ಶುರುವಾದ ಪ್ರಯತ್ನದ ಫಲ, ನಾಲ್ಕನೆಯ ಆವೃತ್ತಿ ಬಂದದ್ದು 2018ರಲ್ಲಿ. ಅದರ ಪ್ರಕಾರ ಕುಡಿಯಲು, ಅಡುಗೆಗೆ, ಮೈ ಕೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್. ಜೀವ ಉಳಿಸಿಕೊಳ್ಳಲು ಕುಡಿಯುವ ನೀರೇ 2.5ರಿಂದ 3 ಲೀಟರ್ ಬೇಕು. ಮನೆಯಿಂದ ನೀರಿನ ಜಾಗಕ್ಕೆ 500 ಮೀಟರ್ ಮೀರಬಾರದು, ಸಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ, ಕೈಪಂಪಿಗೆ 500, ತೆರೆದ ಬಾವಿಗೆ 400.

ಈ ಅಂಕಿಗಳನ್ನು ನೆಲಕ್ಕಿಳಿಸಿ ನೋಡೋಣ. 600 ಜನರ ಊರು ಎಂದುಕೊಳ್ಳಿ. ದಿನಕ್ಕೆ 9,000 ಲೀಟರ್ ಬೇಕು. ಚೆಲ್ಲುವುದು ಸೋರುವುದು ಸೇರಿದರೆ 10,000 ಲೀಟರಿನ ಒಂದು ಟ್ಯಾಂಕರ್ ಸರಿಹೋಗುತ್ತದೆ. ನಲ್ಲಿ ನಿಯಮದಂತೆ ಮೂರು. ಒಂದು ನಲ್ಲಿ ನಿಮಿಷಕ್ಕೆ 7.5 ಲೀಟರ್ ಬಿಟ್ಟರೆ ಮೂರರಿಂದ 9,000 ಲೀಟರ್ ಹೊರಬರಲು 400 ನಿಮಿಷ, ಅಂದರೆ ಆರೂಮುಕ್ಕಾಲು ಗಂಟೆಯ ಹತ್ತಿರ. ಟ್ಯಾಂಕರಿನ ಚಾಲಕ ಅಷ್ಟು ಹೊತ್ತು ನಿಲ್ಲುತ್ತಾನೆಯೇ? ಅವನಿಗೆ ಇನ್ನೂ ಎರಡು ಊರು ಇರುತ್ತವೆ. ಆಗಲೇ ಪೈಪಿನ ಬಾಯಿಗೆ ಜನ ಮುಗಿಬೀಳುವುದು, ತೋಳಿನಲ್ಲಿ ಬಲ ಇದ್ದವರಿಗೆ ನಾಲ್ಕು ಕೊಡ, ಇಲ್ಲದವರಿಗೆ ಕೆಸರು.

ಪರಿಹಾರ ಸರಳ. ಟ್ಯಾಂಕರಿನಿಂದ ನೇರವಾಗಿ ಹಂಚಲೇಬೇಡಿ. ಎತ್ತರದ ಕಟ್ಟೆಯ ಮೇಲೆ ಎರಡು 5,000 ಲೀಟರಿನ ಸಿಂಟೆಕ್ಸ್ ಮಾದರಿಯ ಟ್ಯಾಂಕ್ ಕೂರಿಸಿ, ಟ್ಯಾಂಕರ್ ಅದಕ್ಕೆ ನೀರು ಸುರಿದು ಹೋಗಲಿ, ಅಲ್ಲಿಂದ ಆರು ನಲ್ಲಿಯ ಸಾಲಿಗೆ ಪೈಪ್ ಎಳೆಯಿರಿ. ಆರು ನಲ್ಲಿಯಾದರೆ ಕೆಲಸ ಮೂರೂಕಾಲು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಅದೂ ಬೆಳಗ್ಗೆ ಸಂಜೆ ಎರಡು ಹೊತ್ತಿಗೆ ಹಂಚಿಕೊಂಡು. ಯುವಕರ ತಂಡಕ್ಕೆ ಹೇಳಿ ಮಾಡಿಸಿದ ಕೆಲಸ ಎಂದರೆ ಇದೇ. ಕಟ್ಟೆಗೆ ಕಲ್ಲು ಹೊರುವುದು, ನಲ್ಲಿ ಕೂರಿಸುವುದು, ಚೆಲ್ಲಿದ ನೀರು ನಿಲ್ಲದಂತೆ ಚರಂಡಿ ತೋಡಿ ಅದನ್ನು ದನದ ತೊಟ್ಟಿಗೆ ತಿರುಗಿಸುವುದು.

ಸಾಲು ನಿಭಾಯಿಸುವವರಿಗೊಂದು ಕೈಲೆಕ್ಕ. 20 ಲೀಟರಿನ ಕ್ಯಾನ್ ತುಂಬಲು ಎರಡೂಮುಕ್ಕಾಲು ನಿಮಿಷ ಬೇಕು. ಎತ್ತಿ ಇಡುವ ಹೊತ್ತು ಸೇರಿಸಿದರೆ ಅರ್ಧ ಗಂಟೆಯಲ್ಲಿ ಒಂದು ನಲ್ಲಿಯಿಂದ ಹತ್ತು ಕ್ಯಾನ್. ಆದ್ದರಿಂದ ಒಂದು ನಲ್ಲಿಯ ಮುಂದೆ ಹತ್ತಕ್ಕಿಂತ ಹೆಚ್ಚು ಕ್ಯಾನ್ ಕಂಡರೆ ಓಣಿವಾರು ಸಮಯ ಬದಲಿಸಬೇಕೆಂದು ಅರ್ಥ. ಜನರನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಕ್ಯಾನ್ ಸಾಲಿನಲ್ಲಿರಲಿ, ಮನುಷ್ಯರು ನೆರಳಲ್ಲಿರಲಿ. ಗರ್ಭಿಣಿಯರಿಗೆ, ಮುದುಕರಿಗೆ, ಕಾಲಿಲ್ಲದವರಿಗೆ ಒಂದು ನಲ್ಲಿ ಮೀಸಲಿಡಿ. 20 ಲೀಟರ್ ಎಂದರೆ 20 ಕೆಜಿ ಭಾರ, ಎಂಟು ತಿಂಗಳ ಗರ್ಭಿಣಿ ಅದನ್ನು ಹೊತ್ತು ನಡೆಯುವಂತಾಗಬಾರದು. ತಳ್ಳುಗಾಡಿ ಇಟ್ಟುಕೊಂಡು ಅಂಥ ಮನೆಗಳಿಗೆ ತಲುಪಿಸುವ ಇಬ್ಬರು ತಂಡದಲ್ಲಿ ಪ್ರತಿದಿನ ಇರಲಿ.

ಇನ್ನು ಕ್ಲೋರಿನ್. ಕಲಕು ನೀರಿಗೆ ಕ್ಲೋರಿನ್ ಹಾಕಿ ಪ್ರಯೋಜನ ಕಡಿಮೆ. ಮೊದಲು ತಿಳಿಯಾಗಲು ಬಿಡಬೇಕು. ತಿಳಿ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಎಂದು ಶುರುಮಾಡಿದರೆ 10,000 ಲೀಟರಿಗೆ 20 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಅಂಶ ಮೂರರಲ್ಲೊಂದು ಪಾಲು ಇರುವುದರಿಂದ ಪುಡಿ ಸುಮಾರು 60 ಗ್ರಾಂ. ಬಾಯಿ ತೆರೆದಿಟ್ಟ ಹಳೆಯ ಪುಡಿಯ ಶಕ್ತಿ ಇಳಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಗೆ ಪುಡಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಎರಡು ಟ್ಯಾಂಕಿಗೂ ಅರ್ಧರ್ಧ ಸುರಿಯಿರಿ. ಟ್ಯಾಂಕ್ ಅರ್ಧ ತುಂಬಿದಾಗ ಸುರಿದರೆ ಉಳಿದ ನೀರು ಬೀಳುವಾಗ ತಾನಾಗಿ ಬೆರೆಯುತ್ತದೆ. ಕೈಗವಸು, ಕನ್ನಡಕ, ತೆರೆದ ಗಾಳಿ ಮರೆಯಬಾರದು. ಅರ್ಧ ಗಂಟೆ ಬಿಟ್ಟು ನಲ್ಲಿಯ ನೀರನ್ನು ಡಿಪಿಡಿ ಮಾತ್ರೆಯ (ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಮಾತ್ರೆ) ಪುಟ್ಟ ಪರೀಕ್ಷಾ ಪೆಟ್ಟಿಗೆಯಲ್ಲಿ ನೋಡಿ. ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ನಡುವೆ ಇರಬೇಕು. ಕಡಿಮೆ ಬಂದರೆ ಮುಂದಿನ ಸಲ ಪುಡಿ ಹೆಚ್ಚಿಸಿ. ಆರೋಗ್ಯ ಇಲಾಖೆಯವರು ಒಮ್ಮೆ ಕೈಹಿಡಿದು ತೋರಿಸಿಕೊಡದೆ ಇದನ್ನು ನೀವಾಗಿ ಶುರುಮಾಡಬೇಡಿ.

ನಲ್ಲಿಯಲ್ಲಿ ಸ್ವಚ್ಛವಿದ್ದ ನೀರು ಮನೆಯ ಕೊಡದಲ್ಲಿ ಕೆಡುತ್ತದೆ. ಅದಕ್ಕೆ ಪ್ರತಿ ಮನೆಗೆ ಎರಡು ಪಾತ್ರೆ ಬೇಕು, ತರಲು ಒಂದು, ಮುಚ್ಚಳವಿಟ್ಟು ಶೇಖರಿಸಲು ಇನ್ನೊಂದು. ವಾರಕ್ಕೊಮ್ಮೆ ನಲ್ಲಿಯ ಹತ್ತಿರವೇ ಕ್ಯಾನ್ ತೊಳೆಯುವ ಗಂಟೆಯೊಂದನ್ನು ಇಟ್ಟುಕೊಂಡರೆ ಮಕ್ಕಳೇ ಮುಂದೆ ನಿಂತು ಮಾಡುತ್ತಾರೆ.

ಹಂತ 5: ಧಾನ್ಯವೋ, ದುಡ್ಡೋ?

ಸಂತೆಯಲ್ಲಿ ಧಾನ್ಯ ಇದೆ, ಕೊಳ್ಳಲು ಜನರ ಕೈಯಲ್ಲಿ ಕಾಸಿಲ್ಲ ಎಂದಾದರೆ ದುಡ್ಡು ಕೊಡುವುದೇ ಮೇಲು. ಮನೆಗೆ ಏನು ಬೇಕೆಂದು ಮನೆಯವರಿಗೆ ಗೊತ್ತು. ಒಬ್ಬರಿಗೆ ಔಷಧಿ, ಒಬ್ಬರಿಗೆ ಮೇವು. ಹಸಿದವರ ಕೈಗೆ ದುಡ್ಡು ಕೊಟ್ಟರೆ ಹಾಳು ಮಾಡುತ್ತಾರೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೊಮಾಲಿಯದ ಅದೇ ಕ್ಷಾಮದಲ್ಲಿ ಲಾರಿಗಳು ಒಳಹೋಗಲಾಗದ ಕಡೆ ಹವಾಲಾ ವ್ಯಾಪಾರಿಗಳ ಮೂಲಕ ಮನೆಗಳಿಗೆ ಹಣ ತಲುಪಿತು. ಕೀನ್ಯದ ತುರ್ಕಾನ, ಮಾರ್ಸಬಿಟ್, ಮಂಡೇರ, ವಾಜಿರ್ ಜಿಲ್ಲೆಗಳಲ್ಲಿ ಬರಪೀಡಿತ ಕುಟುಂಬಗಳಿಗೆ ನೇರ ಹಣ ಕೊಡುವ ಸರ್ಕಾರಿ ಯೋಜನೆಯೇ ನಡೆದುಬಂದಿದೆ. ನಿಮ್ಮ ಕೆಲಸ, ವ್ಯಾಪಾರಿಗಳನ್ನು ಕೇಳುವುದು: ಬೇಡಿಕೆ ಎರಡರಷ್ಟಾದರೆ ಎಷ್ಟು ದಿನದಲ್ಲಿ ಸರಕು ತರಿಸುತ್ತೀರಿ? ಉತ್ತರ ವಾರದೊಳಗೆ ಎಂದಾದರೆ ದುಡ್ಡು, ತರಿಸಲಾಗದು ಎಂದರೆ ಧಾನ್ಯ.

ಧಾನ್ಯವಾದರೆ ಅಳತೆ ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ. ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, ಜೊತೆಗೆ ಪೌಷ್ಟಿಕ ಹಿಟ್ಟು, ಸಕ್ಕರೆ, ಉಪ್ಪು. ಐವರ ಕುಟುಂಬಕ್ಕೆ ತಿಂಗಳಿಗೆ ಧಾನ್ಯವೇ 60 ಕೆಜಿ ಆಯಿತು. ಮೂರು ಕಿಲೊಮೀಟರ್ ಆಚೆಯ ಅಜ್ಜಿ ಅದನ್ನು ಹೇಗೆ ಒಯ್ಯಬೇಕು? ಒಯ್ದುಕೊಡುವವನಿಗೆ ಕಾಲು ಪಾಲು ಕೊಡುತ್ತಾಳೆ, ಅಷ್ಟೇ. ಹದಿನೈದು ದಿನಕ್ಕೊಮ್ಮೆ, ಮನೆಗೆ ಹತ್ತಿರದಲ್ಲಿ, ಕತ್ತಲಾಗುವ ಮೊದಲು ಹಂಚಿ. ಯಾರಿಗೆ ಎಷ್ಟು ಎಂಬುದನ್ನು ಓದಲು ಬಾರದವರಿಗೂ ತಿಳಿಯುವಂತೆ ಚಿತ್ರ ಬರೆದ ಹಲಗೆಯನ್ನು ಬಾಗಿಲಲ್ಲೇ ನಿಲ್ಲಿಸಿ.

ಹಂತ 6: ಮಗುವಿನ ತೋಳು

ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ಅಪೌಷ್ಟಿಕತೆ ಕಂಡುಹಿಡಿಯಲು ಬಣ್ಣದ ಒಂದು ಟೇಪ್ ಸಾಕು. ಎಡಗೈಯನ್ನು ಮೊಣಕೈಯಲ್ಲಿ ಮಡಚಿಸಿ, ಭುಜದ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು ನಡುವೆ ಗುರುತು ಹಾಕಿ. ಈಗ ಕೈ ಇಳಿಬಿಟ್ಟು, ಸಡಿಲವಾಗಿರುವಾಗ, ಗುರುತಿನ ಮೇಲೆ ಟೇಪ್ ಸುತ್ತಿ. ಚರ್ಮ ಅದುಮಬಾರದು, ನಡುವೆ ಸಂದೂ ಇರಬಾರದು. 125 ಮಿಲಿಮೀಟರ್ ಮತ್ತು ಮೇಲೆ ಹಸಿರು. 115ರಿಂದ 125ರ ಒಳಗೆ ಹಳದಿ. 115ಕ್ಕಿಂತ ಕಡಿಮೆ ಇದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ. ಬಿಟ್ಟ ಮೇಲೂ ಗುಳಿ ಉಳಿದರೆ ಟೇಪ್ ಹಸಿರು ತೋರಿಸಿದರೂ ಕಳುಹಿಸಲೇಬೇಕು, ಊದಿಕೊಂಡ ಮಗು ದುಂಡಗೆ ಕಾಣುತ್ತದೆ.

ಚಿಕಿತ್ಸೆ ನಿಮ್ಮದಲ್ಲ. ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರಿಸಿ ಮಾಡಿದ ಸಿದ್ಧ ಪೌಷ್ಟಿಕ ಪೇಸ್ಟಿನ 92 ಗ್ರಾಂ ಪೊಟ್ಟಣವೊಂದು 500 ಕಿಲೊಕ್ಯಾಲರಿ ಕೊಡುತ್ತದೆ, ನೀರು ಬೆರೆಸಬೇಕಿಲ್ಲ, ಬೇಯಿಸಬೇಕಿಲ್ಲ. ಬರದ ಊರಿಗೆ ಇದು ದೊಡ್ಡ ಅನುಕೂಲ. ಆದರೆ ಎಷ್ಟು ಕೊಡಬೇಕೆಂದು ನಿರ್ಧರಿಸುವವರು ಆರೋಗ್ಯ ಕಾರ್ಯಕರ್ತರು. ಕಳುಹಿಸಿದ ಮಗು ಅಲ್ಲಿಗೆ ತಲುಪಿತೇ, ಮುಂದಿನ ವಾರ ಮತ್ತೆ ಹೋಯಿತೇ ಎಂದು ವಿಚಾರಿಸುವುದು ನಿಮ್ಮ ಪಾಲು. ಬಸ್ ಚಾರ್ಜಿಲ್ಲದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲದೆ ತಾಯಂದಿರು ಅರ್ಧದಲ್ಲಿ ನಿಲ್ಲಿಸುವುದೇ ಹೆಚ್ಚು. ನೈಜರ್ ದೇಶದಲ್ಲಿ ತಾಯಂದಿರಿಗೇ ಟೇಪ್ ಕೊಟ್ಟು ಕಲಿಸಿದಾಗ ಅವರು ತರಬೇತಾದ ಕಾರ್ಯಕರ್ತರಷ್ಟೇ ಚೆನ್ನಾಗಿ ಅಳೆದರು. ನೀವೂ ಟೇಪನ್ನು ಅಮ್ಮಂದಿರ ಕೈಗೇ ಕೊಡಿ.

ದಾನಿಗಳು ಹಸುಗೂಸುಗಳಿಗೆಂದು ಹಾಲಿನ ಪುಡಿಯ ಡಬ್ಬ ಕಳುಹಿಸಿದರೆ ನಯವಾಗಿ ಬೇಡವೆನ್ನಿ. ಕೊಳಕು ನೀರಿನಲ್ಲಿ ಕಲಸಿದ ಪುಡಿ ಹಾಲು ಎಳೆ ಮಗುವಿಗೆ ಭೇದಿ ತರುತ್ತದೆ, ತಾಯಿಯ ಎದೆಹಾಲೂ ಬತ್ತುತ್ತದೆ. ಆ ದುಡ್ಡಲ್ಲಿ ಬಾಣಂತಿಗೆ ಊಟ, ನೀರು ಹೆಚ್ಚಿಗೆ ಸಿಗುವಂತೆ ಮಾಡಿ. ಭೇದಿಗೆ ಓಆರ್‌ಎಸ್ ಪೊಟ್ಟಣ ಮನೆಮನೆಯಲ್ಲಿರಲಿ. ಸಿಗದ ಹೊತ್ತಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ ಅಳತೆ.

ಜಾನುವಾರು

ಇಲ್ಲಿ ತಡವಾದರೆ ಏನೂ ಉಳಿಯುವುದಿಲ್ಲ. ದನಕರು ಮೈಯಲ್ಲಿ ಮಾಂಸ ಇರುವಾಗಲೇ ಕೆಲವನ್ನು ಮಾರಿಸಿ, ಬಂದ ದುಡ್ಡಲ್ಲಿ ತಳಿಗಾಗಿ ಉಳಿಸಿಕೊಂಡ ಹಸು, ಮೇಕೆಗಳಿಗೆ ಮೇವು ಕೊಳ್ಳುವುದು ಪಶುಪಾಲಕ ಸೀಮೆಗಳಲ್ಲಿ ಕಂಡುಕೊಂಡ ದಾರಿ. ಇಥಿಯೋಪಿಯಾದ ಮೊಯಾಲೆಯಲ್ಲಿ 2006ರ ಬರದಲ್ಲಿ ವ್ಯಾಪಾರಿಗಳನ್ನು ಕರೆತಂದು ಸಾವಿರಾರು ದನಗಳನ್ನು ಹೀಗೆ ಸಕಾಲಕ್ಕೆ ಮಾರಿಸಲಾಯಿತು. ಸ್ವಯಂಸೇವಕರು ಮಾಡಬಹುದಾದದ್ದು ಪಟ್ಟಿ ಮಾಡಿ ಪಶುವೈದ್ಯರಿಗೂ ವ್ಯಾಪಾರಿಗಳಿಗೂ ಸಂಪರ್ಕ ಕಲ್ಪಿಸುವುದು, ತೊಟ್ಟಿಗೆ ನೀರು ತುಂಬಿಸುವುದು. ಮನುಷ್ಯರ ನಲ್ಲಿಯಿಂದ ತೊಟ್ಟಿ ದೂರವಿರಲಿ. ಸತ್ತ ಪ್ರಾಣಿಯನ್ನು ನೀರಿನ ಮೂಲದ ಹತ್ತಿರ ಎಸೆಯಲು ಬಿಡಬೇಡಿ.

ಫೋಟೊ ಮತ್ತು ದೂರು

ಕೈಚಾಚಿದ ಅಜ್ಜಿ, ಎಲುಬು ಕಾಣುವ ಮಗು, ಪಕ್ಕದಲ್ಲಿ ನಗುವ ಸ್ವಯಂಸೇವಕ, ಇಂಥ ಫೋಟೊ ಬೇಡ. 1994ರ ಸಂಹಿತೆಯ ಹತ್ತನೆಯ ಅಂಶವೇ ಇದು, ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು. ದಾನಿಗಳಿಗೆ ಲೆಕ್ಕ ತೋರಿಸಬೇಕೆಂದರೆ ತುಂಬಿದ ಟ್ಯಾಂಕ್, ಸಹಿ ಹಾಕಿದ ರಿಜಿಸ್ಟರಿನ ಒಟ್ಟು ಮೊತ್ತ, ಹೊಸ ನಲ್ಲಿ ಸಾಲದೇ? ಚೀಲದ ಮೇಲೆ ನಾಯಕರ ಮುಖ ಅಚ್ಚು ಹಾಕಿಸಿ ತಂದವರಿಗೂ ಇದೇ ಉತ್ತರ ಕೊಡಿ, ಸ್ವಲ್ಪ ಧೈರ್ಯ ಬೇಕಾಗುತ್ತದೆ.

ದೂರು ಹೇಳಲು ಎರಡು ದಾರಿ ಇರಲಿ. ಓದು ಬಲ್ಲವರಿಗೆ ಪೆಟ್ಟಿಗೆ ಅಥವಾ ಫೋನ್ ಸಂಖ್ಯೆ, ಉಳಿದವರಿಗೆ ವಾರಕ್ಕೊಂದು ದಿನ ನೆರಳಲ್ಲಿ ಕುಳಿತು ಕೇಳಿಸಿಕೊಳ್ಳುವ ಹುಡುಗಿಯೊಬ್ಬಳು. ಬಂದ ದೂರು, ಕೊಟ್ಟ ಉತ್ತರ ಎರಡನ್ನೂ ದಿನಾಂಕದೊಂದಿಗೆ ಬರೆಯಿರಿ. ತಂಡದವರ ಮೇಲಿನ ದೂರು ತಂಡದ ಮುಖ್ಯಸ್ಥನ ಬಳಿಗೆ ಮಾತ್ರ ಹೋಗುವಂತಿರಬಾರದು, ಹೊರಗಿನವರೊಬ್ಬರು ಅದನ್ನು ನೋಡುವಂತಿರಲಿ.

ನಿಮ್ಮ ಮೈಕೈ

ನಿಮ್ಮ ಕುಡಿಯುವ ನೀರು, ಊಟ ನೀವೇ ತನ್ನಿ. ಹೊರಗಿನಿಂದ ಬಂದವರಿಗೆಂದು ಊರಿನವರು ಕೊನೆಯ ಹಿಡಿಯನ್ನೂ ಬೇಯಿಸಿಬಿಡುತ್ತಾರೆ. ಭಾರದ ಕೆಲಸ ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ. ತಲೆಸುತ್ತು, ವಾಂತಿ, ಮಾತು ತೊದಲಿಕೆ ಕಂಡರೆ ನೆರಳಿಗೆ ಒಯ್ದು, ಮೈ ಒದ್ದೆ ಮಾಡಿ, ಗಾಳಿ ಬೀಸಿ, ಕೂಡಲೇ ವೈದ್ಯರ ಬಳಿಗೆ. ಕೆಂಪು ಟೇಪಿನ ಮಗುವನ್ನು ನೋಡಿ ಬಂದ ರಾತ್ರಿ ನಿದ್ದೆ ಬಾರದವರು ಇರುತ್ತಾರೆ. ವಾರದ ಸಭೆಯಲ್ಲಿ ಲೆಕ್ಕದ ನಂತರ ಅದಕ್ಕೂ ಹೊತ್ತು ಕೊಡಿ, ಬೇಕಾದವರಿಗೆ ಒಂದು ವಾರ ರಜೆ ಕೊಡಿ.

ಕೊನೆಯ ಹಂತ: ಮಳೆ ಬಂದ ಮೇಲೆ

ಮಳೆ ಬಿದ್ದ ದಿನವೇ ಹೆಚ್ಚಿನ ತಂಡಗಳು ಗಂಟುಮೂಟೆ ಕಟ್ಟುತ್ತವೆ. ಆಗಲೇ ಹೋಗಬಾರದು. ಮೊದಲ ಮಳೆ ತಿಂಗಳುಗಟ್ಟಲೆಯ ಕೊಳೆಯನ್ನೆಲ್ಲ ಬಾವಿಗೆ ತೊಳೆದು ತರುತ್ತದೆ, ಭೇದಿ ಏರುತ್ತದೆ. ಸೊರಗಿದ ಜಾನುವಾರು ಚಳಿ ಮಳೆಗೆ ಸಾಯುತ್ತವೆ. ಹೊಲದಲ್ಲಿ ಬೆಳೆ ಬರಲು ಇನ್ನೂ ಮೂರು ತಿಂಗಳಿರುತ್ತದೆ, ಬಿತ್ತನೆ ಬೀಜ ಬರದಲ್ಲೇ ಉಂಡು ಮುಗಿದಿರುತ್ತದೆ. ಆದ್ದರಿಂದ ಬೀಜ ಮಳೆಗೆ ಮೊದಲೇ ತಲುಪಿರಬೇಕು, ಕ್ಲೋರಿನ್ ಕೆಲಸ ಕೊಯ್ಲಿನವರೆಗೂ ನಡೆಯಬೇಕು, ತೋಳಿನ ಅಳತೆಯೂ.

ಮುಂದಿನ ಬರಕ್ಕೆ ಮಣ್ಣನ್ನು ಸಿದ್ಧ ಮಾಡುವ ಕೆಲಸ ಈ ನಡುವೆ ಸಾಗಲಿ. ಬುರ್ಕಿನಾ ಫಾಸೋದ ರೈತ ಯಾಕೂಬಾ ಸವಾಡೊಗೊ ಬರಡು ನೆಲದಲ್ಲಿ ಬೇಸಿಗೆಯಲ್ಲೇ ಗುಂಡಿ ತೋಡಿ, ಗೊಬ್ಬರ ಹಾಕಿ, ಮಳೆ ನೀರು ಅಲ್ಲಿ ಇಂಗುವಂತೆ ಮಾಡಿ ಹೊಲವನ್ನೂ ಕಾಡನ್ನೂ ಬೆಳೆಸಿದರು. ಆ ಕೆಲಸಕ್ಕೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಝಾಯ್ ಎಂದು ಕರೆಯುವ ಆ ಗುಂಡಿ ಒಂದು ಗೇಣಿನಷ್ಟು ಅಗಲ, ಅದಕ್ಕಿಂತ ಕೊಂಚ ಕಡಿಮೆ ಆಳ, ಅಷ್ಟೇ. ಕೀನ್ಯದ ಕಿಟುಯಿ, ಮಚಾಕೋಸ್ ಸೀಮೆಯಲ್ಲಿ ಮಳೆಗಾಲದ ಹಳ್ಳಗಳಿಗೆ ಅಡ್ಡಗೋಡೆ ಕಟ್ಟಿ, ಅದರ ಹಿಂದೆ ತುಂಬುವ ಮರಳಿನೊಳಗೆ ನೀರು ಹಿಡಿದಿಡುತ್ತಾರೆ. ಮರಳಿನ ಅಡಿಯ ನೀರಿಗೆ ಬಿಸಿಲು ತಾಗದು. ನಿಮ್ಮ ಮಣ್ಣಿಗೆ, ಇಳಿಜಾರಿಗೆ ಯಾವುದು ಹೊಂದುತ್ತದೆಂದು ಅಲ್ಲಿನ ಹಿರಿಯ ರೈತರನ್ನೂ ಇಂಜಿನಿಯರರನ್ನೂ ಒಟ್ಟಿಗೆ ಕೂರಿಸಿ ಕೇಳಿ.

ಹೊರಡುವ ಮೊದಲು ನಲ್ಲಿ ಸಾಲಿನ ವಾಷರ್, ಪಾನಾ, ಕ್ಲೋರಿನ್ ಪರೀಕ್ಷಾ ಪೆಟ್ಟಿಗೆ ಯಾರ ಕೈಗೆ ಎಂದು ಬರೆದು ಒಪ್ಪಿಸಿ. ಕೈನಕ್ಷೆಯ ಒಂದು ಪ್ರತಿ ಶಾಲೆಯಲ್ಲಿರಲಿ. ಊರಿನ ಇಬ್ಬರು ಹುಡುಗರಿಗೆ ಗಂಟು ಹಾಕಿದ ಅಳತೆ ಹಗ್ಗ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಬಾವಿಯ ನೀರಿನ ಮಟ್ಟ, ಜೊತೆಗೆ ಸಂತೆಯಲ್ಲಿ ಮೇಕೆಯ ಮತ್ತು ಧಾನ್ಯದ ಬೆಲೆ ಬರೆಯುವುದನ್ನು ಕಲಿಸಿ. ಬಾವಿಯ ಮಟ್ಟ, ಒಂದು ಮೇಕೆಗೆ ಸಿಗುವ ಧಾನ್ಯ, ಎರಡೂ ಸತತ ಮೂರು ಸಲ ಇಳಿದರೆ ಯಾರಿಗೆ ಫೋನ್ ಮಾಡಬೇಕೆಂಬ ಸಂಖ್ಯೆಯನ್ನು ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.